ಮೂರಕ್ಷರ, ಕೊನೆಗೆ ‘ರು’

ಐಸ್ ಪ್ಲಾಂಟಿನ ಲೆಕ್ಕದ ಮೇಜಿನ ಮೇಲೆ
ನಿನ್ನೆಯ ಪೇಪರು, ಒಂದು ಮೂಲೆ ಒದ್ದೆ.
ಬೊನಿಫಾಸ್ ಪೊರ್ಬುಗಳು ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ
ಓದುತ್ತಾರೆ, ಇಗರ್ಜಿಯಲ್ಲಿ ಓದಿದ ಹಾಗೆ:
‘ನೆಲ, ಹೆತ್ತವಳ ಕೈಹಿಡಿದು, ಬಲೆಗೆ ಬಿತ್ತು.’
ನಾನು ನಗುತ್ತೇನೆ. ಹೊರಗೆ ಧಕ್ಕೆಯಲ್ಲಿ
ಬುಟ್ಟಿಗಟ್ಟಲೆ ಮಿನುಗುತ್ತಿದೆ ಉತ್ತರ:
ಭೂತಾಯಿ, ಕಿಲೋಗೆ ನೂರಿಪ್ಪತ್ತು.

ಅವರ ಮನೆಮಾತು ಕೊಂಕಣಿ, ನನ್ನದು ತುಳು.
ಕನ್ನಡ ನಮಗಿಬ್ಬರಿಗೂ ಬಾಡಿಗೆ ಮನೆ.
ಅಲ್ಲೇ ಹುಟ್ಟಿದವರು ಕಣ್ಣು ಮುಚ್ಚಿ ನಡೆದಾಡಿಯಾರು;
ಯಾವ ಬಾಗಿಲು ಕಿರುಗುಡುತ್ತದೆ, ಯಾವ ಹಲಗೆಯಡಿ ಟೊಳ್ಳು
ಎಂದು ಬಡಿದು ನೋಡುವವರು ನಾವು.
‘ಬಲೆ’ ಎಂದರೆ ನನ್ನಮ್ಮನಿಗೆ ‘ಬನ್ನಿ’.
ಮೀನಿಗೆ ಯಾರೂ ಅರ್ಥ ಹೇಳಿಕೊಟ್ಟಿಲ್ಲ.

ಸುಳಿವು ಬರೆಯುವವ ಯಾರೋ, ಹೆಸರು ಹಾಕುವುದಿಲ್ಲ.
‘ಪಾಪಿ’ ಎನ್ನುತ್ತಾರೆ ಪೊರ್ಬುಗಳು, ಪ್ರೀತಿಯಿಂದ.
‘ಅವನ ವಾಕ್ಯ ಓದಬಾರದು ಮಾರಾಯ್ತಿ, ಸೀಳಬೇಕು,
ಬಂಗುಡೆ ಸೀಳಿದ ಹಾಗೆ, ಕಿವಿರಿನಿಂದ.
ಕತೆ ಹೇಳುತ್ತಿದ್ದಾನೆ ಅಂದುಕೊಂಡೆಯೋ, ಮುಗಿಯಿತು.’

‘ನದಿ ಹಿಂದಕ್ಕೆ ಹರಿದರೆ ಸಂಜೆಗೆ ತೀರುತ್ತದೆ.’
ಅರ್ಧ ಗಂಟೆ ಕಿಟಕಿಯಲ್ಲಿ ಗುರುಪುರ ಹೊಳೆಯನ್ನೇ ನೋಡಿದೆ.
ಉಬ್ಬರದ ಹೊತ್ತು. ಅಳಿವೆಯಿಂದ ಉಪ್ಪುನೀರು ನುಗ್ಗಿ
ಹೊಳೆ ನಿಜಕ್ಕೂ ಹಿಂದೆ ಹೋಗುತ್ತಿತ್ತು,
ಒಂದು ತೆಂಗಿನ ಗರಿ ಕೂಳೂರಿನ ಕಡೆಗೆ ಹೊರಟಿತ್ತು.
ಅವರು ಎರಡಕ್ಷರ ತಿರುಗಿಸಿ ಬರೆದರು: ದಿನ.
‘ನೀರು ನೋಡಬೇಡ, ಅಕ್ಷರ ನೋಡು.’
ಸರಿ. ಆದರೂ ಆ ಗರಿ ನನಗಿನ್ನೂ ತೇಲುತ್ತಿದೆ.

ಒಂದು ಉಳಿಯಿತು. ಎಡದಿಂದ ಬಲಕ್ಕೆ, ಹದಿನಾಲ್ಕು:
‘ಹೋದರೇ? ಅಲ್ಲ. ಹಡಗಿಗೆ ಬೇಕು.’
ಮೇಲಿನಿಂದ ಇಳಿದ ‘ನೀರು’
ಕೊನೆಯ ಮನೆಯಲ್ಲಿ ‘ರು’ ಬಿಟ್ಟು ಹೋಗಿದೆ.
ತವರು? ಉಸಿರು? ಕೆಸರು?
ಹೆಸರು? ಹಡಗಿಗೆ ಬೇಕು ನಿಜ,
ಆದರೆ ಹೋದವರದ್ದೂ ಉಳಿಯುವುದು ಅದೇ ಅಲ್ಲವೇ.

ಮರುದಿನದಿಂದ ಪೊರ್ಬುಗಳು ಬರಲಿಲ್ಲ.
ಕಣ್ಣಿನ ಪೊರೆ, ಕಂಕನಾಡಿಯಲ್ಲಿ ಆಪರೇಷನ್.
ಪೇಪರನ್ನು ಮೇಜಿನ ಗಾಜಿನಡಿ ಸೇರಿಸಿದೆ.
ಎಂಟು ದಿನ ಐಸು ಹೋಯಿತು, ಬೋಟು ಹೋಯಿತು,
ಆ ಮೂರು ಮನೆಗಳಿಗೆ ನಾನು
ಸಿಕ್ಕಸಿಕ್ಕ ಅಕ್ಷರಗಳನ್ನು ಕರೆತಂದು, ಓಡಿಸಿ,
ರಬ್ಬರಿನಿಂದ ಕಾಗದ ತೂತಾಗುವಷ್ಟು ಉಜ್ಜಿದೆ.

ಒಂಬತ್ತನೆಯ ಬೆಳಿಗ್ಗೆ ಗೇಟಿನಿಂದ ಚನಿಯಪ್ಪ ಕೂಗಿದ:
‘ವಾರಿಜಕ್ಕಾ, ಪೊರ್ಬುಲು ಬತ್ತೆರ್!’
ತುಳು ಕೇಳಿದರೆ ಕನ್ನಡಕ್ಕೆ ದಾಟಿಸುವುದು
ಈ ಆಟದಿಂದ ನನಗಂಟಿದ ಚಾಳಿ.
ಪೊರ್ಬುಗಳು...
ಓಡಿ ಅಂಗಳಕ್ಕೆ ಬಂದು ತಿರುಗಿ ನೋಡಿದೆ.
ಬಾಗಿಲ ಮೇಲೆ, ನಾನು ಕೆಲಸಕ್ಕೆ ಸೇರಿದ ಹದಿನೇಳು ವರ್ಷದಿಂದ,
ತುಕ್ಕು ಹಿಡಿದ ತಗಡು:
ಸಾಗರದೀಪ ಐಸ್ ಪ್ಲಾಂಟ್, ಹಳೆ ಬಂದರು.

ಕಪ್ಪು ಕನ್ನಡಕ, ಕೆನ್ನೆಯಲ್ಲಿ ಪ್ಲಾಸ್ಟರಿನ ಗುರುತು.
‘ಆಯ್ತಾ ಹದಿನಾಲ್ಕು?’
‘ಇಲ್ಲ ಪೊರ್ಬುಗಳೇ. ಬಗ್ಗುವುದೇ ಇಲ್ಲ.’
ಒಳಗೆ ತುಂಬ ಸೆಕೆ ಎಂದು ಸುಳ್ಳು ಹೇಳಿ
(ಐಸ್ ಪ್ಲಾಂಟಿನಲ್ಲಿ ಸೆಕೆ!)
ಅವರ ಕುರ್ಚಿಯನ್ನು ಅಂಗಳಕ್ಕೆ ತಂದು
ಬಾಗಿಲಿಗೆ ಎದುರಾಗಿ ಇಟ್ಟೆ.