ಹೋಲ್ಡಾನ್

ನೀರು ಇಳಿದ ಬೆಳಗ್ಗೆ ಗೇಟಿನ ಬಳಿ ನಿಂತು
ಹೋಲ್ಡಾನ್! ಎಂದೆ.
ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು.
ಮೇಲಿನ ಮನೆಯ ಬಾಡಿಗೆಯವರ ಕೈ
ಫ್ಲಶ್ಶಿನ ಮೇಲೇ ನಿಂತಿತು.

ವಾಷಿಂಗ್ ಮಷೀನು ಬೇಡ. ಸಿಂಕಿನ ನಲ್ಲಿ ಬೇಡ.
ನಮ್ಮ ಲೇಔಟಿಗೆ ಒಳಚರಂಡಿ ಬಂದಿಲ್ಲ,
ಬರುತ್ತದೆ ಅನ್ನುವ ಬೋರ್ಡು ಬಂದಿತ್ತು;
ಮೊನ್ನೆ ರಾಜಕಾಲುವೆ ಅದನ್ನೂ ಹೊತ್ತು ತಂದು
ಟ್ರಾನ್ಸ್‌ಫಾರ್ಮರಿನ ಬೇಲಿಗೆ ಒರಗಿಸಿ ಹೋಗಿದೆ.
ನಮ್ಮದೆಲ್ಲ ನಮ್ಮ ಕಾಲಡಿಯಲ್ಲೇ,
ಸ್ಕೂಟರ್ ನಿಲ್ಲಿಸುವಲ್ಲಿ, ಎಂಟಡಿ ಆಳದಲ್ಲಿ.

ಇವತ್ತೇ ಖಾಲಿ ಮಾಡಿಸಿಬಿಡಿ ಮೇಡಂ,
ನಾನು ಮಾಡಿಸ್ತಿದೀನಿ ಎಂದರು ಎದುರುಮನೆ ವಿನ್ಸೆಂಟ್.
ಕದಿರಪ್ಪನಿಗೆ ಫೋನು ಮಾಡಿದೆ.
ಅಕ್ಕ, ಮಣ್ಣು ಇನ್ನೂ ನೀರು ಕುಡಿದು ಉಬ್ಬಿದೆ,
ಈಗ ಬರಿದು ಮಾಡಿದರೆ ತೊಟ್ಟಿ ದೋಣಿಯಾಗ್ತದೆ.
ನಗಬೇಕೋ ಬೇಡವೋ ತಿಳಿಯಲಿಲ್ಲ.
ಆ ರಾತ್ರಿ ಒಂದೂವರೆಗೆ ಎದುರುಮನೆಯಲ್ಲಿ ಟೈಲ್ಸ್ ಒಡೆದು
ಫೈಬರ್ ತೊಟ್ಟಿ ಎದ್ದು ಕೂತಿತು,
ಕೆರೆಯಿಂದ ಎಮ್ಮೆ ಎದ್ದ ಹಾಗೆ.

ತುಂಬಿದ ಕೊಡ ತುಳುಕೋದಿಲ್ಲ, ಗೊತ್ತು.
ಬರಿದಾದದ್ದು ತೇಲುತ್ತದೆ ಅಂತ ಯಾರೂ ಹೇಳಿರಲಿಲ್ಲ.

ದಿನಾ ಬೆಳಗ್ಗೆ ಇಂಗುಗುಂಡಿಗೆ ಕರ್ಟನ್ ಕೋಲು ಇಳಿಸಿ
ಒದ್ದೆಯಾದಷ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದೆ,
ಹಳೇ ವೇಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ:
ಮಂಗಳವಾರ ಒಂದು ಗೇಣು, ಬುಧವಾರ ನಾಲ್ಕು ಬೆರಳು,
ಗುರುವಾರ ಮತ್ತೆ ಮಳೆ, ಸೊನ್ನೆ.
ಎಲ್ಲರೂ ಚೊಂಬು ಬಿಟ್ಟು, ಚಿಲ್ಲರೆ ಹಿಡಿದು
ಪೆಟ್ರೋಲ್ ಬಂಕಿನ ಕಕ್ಕಸಿಗೆ ನಡೆದೆವು.

ತಡೆದುಕೊಳ್ಳೋದು ನನಗೆ ಹೊಸದಲ್ಲ.
ಶಿವಾಜಿನಗರದಿಂದ ಹೊಸಕೋಟೆ, ಹೊಸಕೋಟೆಯಿಂದ ಶಿವಾಜಿನಗರ,
ಕೊನೇ ಸ್ಟಾಪಿನಲ್ಲಿ ಡ್ರೈವರನಿಗೆ ಒಂದು ಗೋಡೆ ಸಾಕು,
ನಾನು ಬೆಳಗ್ಗೆ ಐದರಿಂದ ನೀರೇ ಕುಡಿಯುತ್ತಿರಲಿಲ್ಲ.
ಅದಕ್ಕೇ ಸೈಟು ಕೊಂಡಾಗ, ಅಡುಗೆಮನೆಗೂ ಮುಂಚೆ
ಈ ತೊಟ್ಟಿ ತೋಡಿಸಿದೆ.
ಮೇಸ್ತ್ರಿ ನಕ್ಕ. ನಾನು ಅಳತೆ ಇನ್ನೊಂದಡಿ ಹೆಚ್ಚಿಸಿದೆ.

ಹನ್ನೊಂದನೇ ದಿನ ಲಾರಿ ಬಂತು.
ಕದಿರಪ್ಪ ಚಪ್ಪಡಿ ಸರಿಸಿ, ಮುಖ ತಿರುಗಿಸಿ, ಗಾಳಿಯಾಡಲು ಬಿಟ್ಟ.
ಪೈಪು ಇಳೀತದೆ ಅಕ್ಕ, ನಾವು ಇಳಿಯಲ್ಲ ಎಂದ,
ಕೇಳದೇ ಇದ್ದ ಪ್ರಶ್ನೆಗೆ.
ಅವನ ಅಣ್ಣನ ಹೆಸರು ಲಾರಿಯ ಹಣೆಯ ಮೇಲೆ,
ಪಕ್ಕದಲ್ಲಿ ಎರಡು ಇಸವಿ. ಓದಿದೆ, ಕಳೆದೆ: ಇಪ್ಪತ್ತೆರಡು.

ಕೆಸರು, ಮರಳು, ಯಾರದೋ ಮನೆಯ ಸ್ಟೀಲ್ ಚಮಚ.
ಪೈಪು ಸುತ್ತುತ್ತಾ ಹೇಳಿದ:
ತಳದಲ್ಲಿ ಒಂದಿಷ್ಟು ಬಿಟ್ಟಿದೀನಿ, ಹೆಪ್ಪಿಗೆ.
ಆಸಿಡ್ಡು ಸುರೀಬೇಡಿ. ಅದೂ ಜೀವ, ನಿಧಾನಕ್ಕೆ ಮಾಡ್ಕೊಳ್ತದೆ.

ಹೊಸ ಸೋಪು ಒಡೆದು ಕೊಟ್ಟೆ. ಮೊಣಕೈವರೆಗೆ ತೊಳೆದ.
ಕಾಫಿಯನ್ನು ನಾನು ಕುಡಿಯುವ ಲೋಟದಲ್ಲೇ ಕೊಟ್ಟೆ.
ಅದನ್ನಿಲ್ಲಿ ಬರೆಯುತ್ತಿದ್ದೇನೆ ಅಂದರೆ
ಎಲ್ಲೋ ಲೆಕ್ಕ ಇಟ್ಟಿದ್ದೇನೆ ಅಂತಲೇ ಆಯಿತು.

ಲಾರಿಯ ಪಕ್ಕೆಗೆ ಎರಡು ಬಾರಿ ಬಡಿದು, ರೈಟ್! ಎಂದೆ.
ಮೆಟ್ಟಿಲ ಮೇಲೆ ಬಾಡಿಗೆಯವರ ಮಗು ಇಂಚರ
ಕಾಲಿಗೆ ಕಾಲು ಹೆಣೆದು ನಿಂತಿದ್ದಳು.
ಅಜ್ಜಿ, ಈಗ?

ಹೋಗು, ಎಂದೆ. ಅರ್ಧ ಬಕೆಟ್ಟು, ಅಷ್ಟೇ.