ಬೀರುವಿನೊಳಗಿಂದ

ಉಮ್ ಅಲ್ ಕುವೈನಿನ ಹಿನ್ನೀರಿಗೆ ಬೆನ್ನು ಹಾಕಿ ನಿಂತ
ಹಳೆಯ ವಿಲ್ಲಾ. ಈಗ ಪೊಲೀಸರದು.
ಬಾಗಿಲ ಅಗಲ ಅಳೆದವನು ನಾನು: ಎಪ್ಪತ್ತೊಂದು ಸೆಂಟಿಮೀಟರ್.
ಬಚ್ಚಲಿನದು ಅರವತ್ತೆರಡು.
ಕರ್ಟನ್ ತೂಗಿಸಿದವನು, ಕನ್ನಡಿ ಒರೆಸಿದವನು,
ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿ ಚೆಲ್ಲಿದವನೂ ನಾನೇ.
ನಿಜದ ಮನೆಯ ಹಾಗಿರಲಿ ಎಂದಿದ್ದರು.
ಇಷ್ಟಾದ ಮೇಲೆ ಕ್ಯಾಪ್ಟನ್ ಖಲ್ಫಾನ್
ನಾವೆಲ್ಲ ಆಡುವ ಆ ಕಲಬೆರಕೆ ಹಿಂದಿಯಲ್ಲಿ ನಕ್ಕರು:
"ಹಮ್ಮಣ್ಣ, ಒಬ್ಬ ಕಳ್ಳ ಬೇಕಲ್ಲ?"

ಹೆಸರು ಕೇಳಿದ ದಿನವೇ ಹೇಳಿದ್ದರು,
ಅರಬಿಯಲ್ಲಿ ಹಮ್ಮ್ ಎಂದರೆ ಚಿಂತೆಯಂತೆ.
ನಮ್ಮಲ್ಲಿ ಹಮ್ಮು ಬೇರೆ, ಎಂದಿದ್ದೆ.
ಎರಡೂ ಇಲ್ಲದವನ ಹಾಗೆ ಹೋಗಿ ಬೀರುವಿನಲ್ಲಿ ಕೂತೆ.

ಮೊದಲನೆಯದು ಬಂತು. ಬಂತೇನು, ನುಗ್ಗಿತು.
ದೊಡ್ಡ ದೇಹ, ದುಬಾರಿ ಕಣ್ಣು.
ಅದು ಎಬ್ಬಿಸಿದ ಗಾಳಿಗೆ ವರ್ಷಗಳ ಮರಳು ಎದ್ದು
ಅದಕ್ಕೇ ದಾರಿ ಕಾಣದಾಯಿತು.
ಕರ್ಟನ್ ಸುತ್ತಿಕೊಂಡು, ಪಂಚೆ ಎಡವಿದ ಪುರೋಹಿತನಂತೆ
ನಡುಮನೆಯಲ್ಲಿ ಬಿತ್ತು.
ಮಾರಲು ಬಂದವನು ಕರ್ಟನನ್ನು ಬೈದ.

ಎರಡನೆಯದಕ್ಕೆ ಸುತ್ತಲೂ ಪಂಜರ.
ಗೋಡೆಗೆ ಬಡಿದು, ಚೌಕಟ್ಟಿಗೆ ಬಡಿದು,
ಏನೂ ಆಗದವರ ಹಾಗೆ ಮುಂದೆ.
ಸದ್ದೋ ಸದ್ದು, ಡಬ್ಬದಲ್ಲಿ ಸಿಕ್ಕಿಬಿದ್ದ ಕಣಜ.
ಈಗ ಮೆಟ್ಟಿಲು, ಈಗ ಪಕ್ಕದ ಕೋಣೆ,
ಈಗ ಕನ್ನಡಿ: ತನ್ನನ್ನೇ ಕಂಡು
ಯಾರೋ ಎದುರು ಬಂದರೆಂದು ದಾರಿ ಬಿಟ್ಟು ನಿಂತಿತು.
ಬ್ಯಾಟರಿ ಒಂಬತ್ತು ನಿಮಿಷ. ನಾನು ಸಿಕ್ಕಿದ್ದು ಎಂಟನೆಯದರಲ್ಲಿ.
ಅಷ್ಟರಲ್ಲಿ ಎರಡೂ ಕೈ ಎತ್ತಿ ಕೂತಿದ್ದೆ.

ಧ್ವನಿ ಪರೀಕ್ಷೆ. ಅದರ ಹೊಟ್ಟೆಯಿಂದ ಸಾರ್ಜೆಂಟ್ ಮೈಥಾ:
"ಮಾತಾಡು. ನಿನ್ನ ಭಾಷೆಯಲ್ಲೇ. ಅರ್ಧ ನಿಮಿಷ."
ಏನು ಆಡಲಿ? ಇಲ್ಲಿಗೆ ಬರುವ ಮುಂಚೆ ಆರು ವರ್ಷ ಕಂಡಕ್ಟರ್.
"ಅಂಕೋಲಾ, ಮಾದನಗೇರಿ, ಹಿರೇಗುತ್ತಿ, ಮಿರ್ಜಾನ್,
ದಿವಗಿ, ಕುಮಟಾ ಕುಮಟಾ ಕುಮಟಾ...
ಯಾರ್ರೀ ಇಳಿಯೋರು, ಮುಂದೆ ಬನ್ನಿ,
ಚಿಲ್ಲರೆ ಕೈಯಲ್ಲಿರಲಿ!"
ಹೊರಗೆ ಬರೆದುಕೊಂಡರು: ಧ್ವನಿ ಸ್ಪಷ್ಟ.

ಮೂರನೆಯದರ ಬಗ್ಗೆ ಹೇಳುವುದು ಕಡಿಮೆ.
ಬಂದದ್ದು ಗೊತ್ತಾಗಲಿಲ್ಲ.
ಆಗಸ್ಟ್ ತಿಂಗಳು, ಎಸಿ ಇಲ್ಲ, ಕಣ್ಣಿಗಿಳಿದ ಬೆವರು
ಒರೆಸಿ ನೋಡಿದರೆ
ಬೀರುವಿನ ಸಂದಿಯಲ್ಲಿ ಅದು.
ಎಷ್ಟು ಹೊತ್ತಿನಿಂದಲೋ.
ಆಮೇಲೆ ಪರದೆಯ ಮೇಲೆ ತೋರಿಸಿದರು:
ಕಪ್ಪು ಮರದ ನಡುವೆ ಬೆಳ್ಳಗೆ ಒಂದು ಗೀಟು.
ನಾನಂತೆ. ನನ್ನ ಬಿಸಿಯಂತೆ.

ಎಲ್ಲರೂ ಅಂಕ ಕೊಟ್ಟರು. ಕ್ಯಾಪ್ಟನ್ ನನ್ನತ್ತ ತಿರುಗಿ,
"ಅಡಗಿದವನು ನೀನು. ನಿನ್ನ ಆಯ್ಕೆ ಯಾವುದು?"
ಎರಡನೆಯದು, ಎಂದೆ.
"ಆ ಸದ್ದಿನದೇ?"
ಸದ್ದಿನದೇ, ಸರ್. ನಮ್ಮೂರಲ್ಲಿ ಒಳಗೆ ಬರುವವ
ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಾನೆ.
ಒಳಗಿದ್ದವರು ಸೆರಗು ಸರಿಮಾಡಿಕೊಳ್ಳಲಿ, ಜಗಳ ನಿಲ್ಲಿಸಲಿ ಅಂತ.
ಬೀರುವಿನಲ್ಲಿ ಯಾವಾಗಲೂ ಕಳ್ಳನೇ ಇರುತ್ತಾನೆಯೇ?
ಆ ಚಪ್ಪಲಿಯ ಮಕ್ಕಳೂ ಇರಬಹುದು.

ಮೈಥಾ ತಲೆಯೆತ್ತದೆ ಹೇಳಿದಳು:
"ನನ್ನಜ್ಜ ಹೂದ್, ಹೂದ್ ಅನ್ನುತ್ತಿದ್ದ. ಪರರ ಮನೆಯ ಬಾಗಿಲಲ್ಲಿ."
ಇದನ್ನು ಯಾರೂ ಬರೆದುಕೊಳ್ಳಲಿಲ್ಲ.

ನವೆಂಬರಿನಲ್ಲಿ ಪೆಟ್ಟಿಗೆ ಬಂತು. ಸೀಲು ಒಡೆದವನು ನಾನೇ.
ಆರು. ಎಲ್ಲವೂ ಮೂರನೆಯ ಜಾತಿಯವು.
ಹೊಸ ಹುಡುಗರಿಗೆ ತರಬೇತಿ. ಮತ್ತೆ ಅದೇ ಬೀರು, ಅದೇ ಸಂದಿ.
ಚಪ್ಪಲಿ ಹರಡಿ ಬಂದು ಕೂತೆ. ಕಿವಿಗೊಟ್ಟೆ.
ಬಂದಿದೆಯೋ, ಬರಬೇಕೋ.
ತಡೆಯಲಾಗಲಿಲ್ಲ.
ಒಳಗಿದ್ದವನು ನಾನು, ಕೆಮ್ಮಿದೆ.