ರಿವರ್ಸ್ ಗೇರ್

ಮೂರರಲ್ಲಿ ಒಂದು ಪಾಲು ನನ್ನದು.
ಯಾವ ಪಾಲು ಎಂದು ಕೇಳಬೇಡಿ, ಬಾಲವೋ, ಎಡ ರೆಕ್ಕೆಯೋ.
ಮಂಗಳವಾರ ಬೆಳಗ್ಗೆ ಇಡೀ ವಿಮಾನ ನನ್ನದು.
ಗುರುವಾರ ದನದ ಡಾಕ್ಟರು ಫ್ಲೋಸಿ ಡಿಮೆಲ್ಲೊ ಅವರದು,
ಶನಿವಾರ ಟೈಲ್ಸ್ ಅಂಗಡಿಯ ಮುನಾವರ್ ಸಾಹೇಬರದು.
ಉಳಿದ ದಿನ ಆಯನೂರಿನಾಚೆ
ಹಳೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ
ಗುಬ್ಬಿಗಳದ್ದು.

ವನಮಾಲ ಇದನ್ನು ‘ಸೈಟು’ ಎನ್ನುತ್ತಾಳೆ.
‘ಸೈಟಿಗೆ ಹೊರಟ್ರಾ?’
ಆ ದುಡ್ಡಿಗೆ ವಿನೋಬನಗರದಲ್ಲಿ ಬರಬೇಕಿದ್ದ ಸೈಟು,
ಈಗ ಎರಡು ಸಾವಿರ ಅಡಿ ಮೇಲಿದೆ,
ಕಾಂಪೌಂಡ್ ಇಲ್ಲದೆ.

ಆಟೋ ಕಾಂಪ್ಲೆಕ್ಸಿನಲ್ಲಿ ಇಪ್ಪತ್ತೆಂಟು ವರ್ಷ ಲೇತ್ ತಿರುಗಿಸಿದವನು,
ಕಬ್ಬಿಣ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.
ರೆಕ್ಕೆ ಮಾತ್ರ ಬಟ್ಟೆಯದ್ದು.
ಹಲಸಿನ ಹಣ್ಣು ತಟ್ಟುವ ಹಾಗೆ ತಟ್ಟಿ ಕೇಳುತ್ತೇನೆ.
ಟ್ಯಾಂಕಿನ ತಳದಿಂದ ಒಂದು ಗುಟುಕು ಪೆಟ್ರೋಲು
ಉಪ್ಪಿನಕಾಯಿ ಬಾಟಲಿಗೆ ಬಸಿದು
ಸೂರ್ಯನಿಗೆ ಹಿಡಿದು
ಅಡಿಯಲ್ಲಿ ನೀರು ಕೂತಿದೆಯೇ ನೋಡುತ್ತೇನೆ.
ಖಲಂದರ್ ರನ್‌ವೇಯಿಂದ ದನ ಅಟ್ಟುತ್ತಾನೆ.
ರನ್‌ವೇ ಎಂದರೆ ನಾನೂರು ಮೀಟರ್ ಹುಲ್ಲು,
ದನಗಳು ನಮಗಿಂತ ಮೊದಲೇ ಕಂಡುಕೊಂಡದ್ದು.

ಗಾಲಿಯ ಗಡಗಡ ನಿಲ್ಲುವ ಒಂದು ಕ್ಷಣ ಇದೆ.
ಕೊಟ್ಟ ದುಡ್ಡೆಲ್ಲ ಅದಕ್ಕೇ.

ಸಕ್ರೆಬೈಲಿನ ಕಡೆ ಹೋಗುವುದಿಲ್ಲ,
ಆನೆಗಳು ಸ್ನಾನಕ್ಕೆ ಇಳಿದಿರುತ್ತವೆ.
ಮಂಡಗದ್ದೆಗೂ ಇಲ್ಲ.
ಅಲ್ಲಿರುವವರು ಹಾರುವುದಕ್ಕೇ ಹುಟ್ಟಿದವರು,
ನಾವು ಲೈಸೆನ್ಸ್ ಮಾಡಿಸಿಕೊಂಡವರು.
ಪೂರ್ವಕ್ಕೆ ತಿರುಗುತ್ತೇನೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ
ಒಂದೇ ಸೀಟಿನಲ್ಲಿ ಕೂತ ಅತ್ತಿಗೆ ನಾದಿನಿಯರ ಹಾಗೆ
ಸ್ವಲ್ಪ ದೂರ ಮಾತಾಡದೆ ಹೋಗುತ್ತವೆ.

ಕಳೆದ ಡಿಸೆಂಬರಿನಲ್ಲಿ, ಹೊಳೆಹೊನ್ನೂರಿನ ಮೇಲೆ,
ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಗಾಳಿಗೂ ಒಂದು ಸದ್ದಿದೆ ಎಂದು ಅವತ್ತು ತಿಳಿಯಿತು,
ತಂಬಿಗೆಗೆ ಹಾಲು ಕರೆದಂಥದ್ದು.
ಮೂಗು ಕೆಳಗೆ, ಮೂಗು ಕೆಳಗೆ,
ಕಲಿಸಿದವರ ಮಾತನ್ನು ಜೋರಾಗಿ ಹೇಳಿಕೊಂಡೆ.
ಕಬ್ಬು, ಬೇಡ.
ಕರೆಂಟಿನ ತಂತಿ, ಬೇಡ.
ಕೊಯ್ದ ಗದ್ದೆ.
ಕೂಳೆ ಚರಚರ, ಒಂದು ಬದು, ಹಾರಿ ಕುಕ್ಕಿ,
ಹುಲ್ಲಿನ ಬಣವೆಗೆ ಒಂದು ಮಾರು ಇರುವಾಗ
ನಿಂತಿತು.

ಮೊದಲು ನಾಯಿ ಬಂತು.
ಆಮೇಲೆ ಕುಡುಗೋಲು ಹಿಡಿದ ಹಾಲೇಶಪ್ಪ.
ಬದುಕಿದ್ದೀರಾ ಎಂದು ಕೇಳಲಿಲ್ಲ, ಕಾಣುತ್ತಿತ್ತಲ್ಲ.
ಎರಡು ಸುತ್ತು ಬಂದು, ಎಲೆಅಡಿಕೆ ಉಗಿದು,
‘ಇದಕ್ಕೆ ರಿವರ್ಸ್ ಐತಾ?’
ಇಲ್ಲ ಎಂದೆ.
‘ಮತ್ತೆ ಹೆಂಗೆ?’
ಇಳಿದು ಕೈಯಲ್ಲಿ ತಳ್ಳುವುದು.
ಟವೆಲು ತಲೆಗೆ ಸುತ್ತಿಕೊಂಡ. ‘ತಳ್ಳಣ ಬರ್ರಿ.’
ಅವನು ಮೂಗಿಗೆ, ನಾನು ರೆಕ್ಕೆಯ ಕೋಲಿಗೆ,
ಬಾಲಕ್ಕೆ ಶಾಲೆ ತಪ್ಪಿಸಿದ ಮೂವರು ಹುಡುಗರು.
ಅವನ ಗಾಡಿಗಿಂತ ಹಗುರ.
‘ಇಷ್ಟೇನಾ!’ ಎಂದ,
ಮೋಸಹೋದವನ ಹಾಗೆ.

ಟ್ಯಾಂಕು ಉಸಿರಾಡುವ ಸಣ್ಣ ಕೊಳವೆಯಲ್ಲಿ
ಕುಂಬಾರ ಹುಳ ಮನೆ ಕಟ್ಟಿತ್ತು.
ಒದ್ದೆ ಮಣ್ಣು ತಂದು, ಬಾಗಿಲು ಮೆತ್ತಿ,
ಹುಟ್ಟಲಿರುವ ಮರಿಗೆ ಒಂದು ಹಸಿರು ಹುಳ ಒಳಗಿಟ್ಟು.
ಎಲ್ಲ ತಟ್ಟಿ ನೋಡಿದ್ದೆ. ಅದೊಂದನ್ನು ಬಿಟ್ಟು.
ಫ್ಲೋಸಿ ಡಾಕ್ಟರು ಲೆಕ್ಕದ ಪುಸ್ತಕದಲ್ಲಿ ಬರೆದರು:
ನಾಲ್ಕನೆಯ ಪಾಲುದಾರರು, ಬಾಕಿ ಕೊಟ್ಟಿಲ್ಲ.

ರೆಕ್ಕೆ ಕಳಚಿ ಲಾರಿಯಲ್ಲಿ ತಂದೆವು.
‘ಸೈಟು?’ ಎಂದಳು ವನಮಾಲ.
ಹೊಳೆಹೊನ್ನೂರಿನಲ್ಲಿ ಒಂದು ಸಿಕ್ಕಿತ್ತು, ಎಂದೆ,
ಅರ್ಧ ದಿನಕ್ಕೆ.
ಅವಳು ನಗಲಿಲ್ಲ. ಕಾಫಿ ಕೊಟ್ಟು
ನನ್ನ ಮೊಣಕೈ ಹಿಡಿದು ನೋಡಿದಳು,
ಎಲ್ಲಾದರೂ ಸಡಿಲವಾಗಿದೆಯೋ ಎಂದು.

ಈಗ ಮಂಗಳವಾರಗಳಲ್ಲಿ ಆ ಕೊಳವೆಗೆ
ಮೊದಲು ಒಂದು ತಂತಿ ತೂರಿಸುತ್ತೇನೆ.
ಹೊಳೆಹೊನ್ನೂರಿನ ಮೇಲೆ ಒಂದು ರೆಕ್ಕೆ ಬಾಗಿಸುತ್ತೇನೆ.
ಕೆಳಗೆ ಬದುವಿನ ಮೇಲೆ ಹಾಲೇಶಪ್ಪ
ಬಸ್ಸಿನ ಹಿಂದೆ ನಿಂತ ಕ್ಲೀನರಿನ ಹಾಗೆ
ಎರಡೂ ಕೈ ಎತ್ತಿ ಸನ್ನೆ ಮಾಡುತ್ತಾನೆ,
ಬರ್ಲಿ, ಬರ್ಲಿ,
ಹಿಂದಕ್ಕೆ ಬರ್ಲಿ.